ದಿನಕ್ಕೊಂದು ಸೆಕೆಂಡು

೨೪ ಫೆಬ್ರವರಿ ೧೯೯೯, ಬುಧವಾರ

ಸಕಲೇಶಪುರದ ಟಾಕೀಸಿನಲ್ಲಿ ಮೂವತ್ತು ವರ್ಷ ಪ್ರೊಜೆಕ್ಟರ್ ಓಡಿಸಿದ ಶಾಂತಮಲ್ಲಪ್ಪನಿಗೆ, ಅಂದರೆ ನನಗೆ, ಐವತ್ತೆಂಟನೇ ವಯಸ್ಸಿನಲ್ಲಿ ಸಿಕ್ಕಿದ ಕೆಲಸ ನೋಡಿ: ಸ್ವಂತ ಹಿತ್ತಲಿನಲ್ಲಿ ಒಂದು ಕಾಫಿ ಗಿಡದ ಮುಂದೆ ನಿಂತು ಅರ್ಧ ಗಂಟೆಗೊಮ್ಮೆ ಗುಂಡಿ ಒತ್ತುವುದು. ನಮ್ಮೂರು ಹೊಂಗಡಹಳ್ಳದವರಿಗೆ ಗೊತ್ತಾದರೆ ಬಿದ್ದು ಬಿದ್ದು ನಗುತ್ತಾರೆ. ಗೊತ್ತಾಗದೆ ಎಲ್ಲಿ ಹೋಗುತ್ತದೆ, ಪಕ್ಕದ ಎಸ್ಟೇಟಿನ ಕೂಲಿ ಲೈನಿನ ದ್ಯಾವಯ್ಯ ಆಗಲೇ ಬೇಲಿಯ ಮೇಲಿಂದ ಇಣುಕಿ ಹೋಗಿ ಆಯಿತು.

ಇದೆಲ್ಲ ಮೋನಿಕಾಳ ಕಿತಾಪತಿ. ಕಾಫಿ ಮಂಡಿ ಮಹಾದೇವಯ್ಯನ ಮಗಳು, ಪುಣೆಯಲ್ಲಿ ಸಿನಿಮಾ ತೆಗೆಯುವುದನ್ನು ಓದಿ ಬಂದಿದ್ದಾಳೆ. ಅವಳಪ್ಪ ಹೋದ ವರ್ಷ ನಮ್ಮ ಟಾಕೀಸನ್ನು ಕೊಂಡು ಗೋಡೌನ್ ಮಾಡಿ ನನ್ನನ್ನು ಮನೆಗೆ ಕಳಿಸಿದ. ಈಗ ಮಗಳು ನನ್ನನ್ನೇ ಹುಡುಕಿಕೊಂಡು ಬಂದಿದ್ದಾಳೆ. ಹಿತ್ತಲಲ್ಲಿ ಸಿಮೆಂಟಿನ ಕಂಬ ಹಾಕಿಸಿ, ಅದರ ಮೇಲೆ ಗಾಜಿನ ಮುಖದ ತಗಡಿನ ಪೆಟ್ಟಿಗೆ ಇಟ್ಟು, ಒಳಗೆ ಕ್ಯಾಮೆರಾ ಕೂರಿಸಿದ್ದಾಳೆ. ಹೊರಗೆ ಮೊಳದುದ್ದದ ತಂತಿ, ತಂತಿಯ ತುದಿಗೆ ಗುಂಡಿ. ಒಮ್ಮೆ ಒತ್ತಿದರೆ ಒಂದು ಫ್ರೇಮು, ಒಂದೇ ಒಂದು ಚಿತ್ರ. ಬೆಳಗ್ಗೆ ಆರೂವರೆಯಿಂದ ಸಂಜೆ ಆರರ ತನಕ ದಿನಕ್ಕೆ ಇಪ್ಪತ್ತನಾಲ್ಕು. ಮೊಗ್ಗು ಹಣ್ಣಾಗುವವರೆಗೆ.

"ಅಂಕಲ್, ಒಂದೇ ಒಂದು ಕಂಡೀಷನ್. ಕೊಂಬೆಯನ್ನ ಯಾರೂ ಮುಟ್ಟಬಾರದು. ಅದು ಅದರ ಪಾಡಿಗೆ ಇರಲಿ" ಎಂದಳು.

ತೆರೆಯ ಮೇಲೆ ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮು ಓಡುತ್ತವೆ. ಅಂದರೆ ನಾನು ದಿನವಿಡೀ ಒದ್ದಾಡಿದ್ದು ಒಂದು ಸೆಕೆಂಡು. ಕಥೆ ಇಲ್ಲ, ಹಾಡಿಲ್ಲ, ಹೊಡೆದಾಟ ಇಲ್ಲ. ಎಂಥ ಸಿನಿಮಾವೋ! ಒಪ್ಪಿಕೊಂಡೆ, ಏಕೆಂದರೆ ಹೇಗೂ ನಾನು ಮನೆ ಬಿಟ್ಟು ಕದಲುವ ಹಾಗಿಲ್ಲ. ಹೋದ ತಿಂಗಳು ಹಾಸನದ ಡಾಕ್ಟರು ನನ್ನ ಹೆಂಡತಿ ಜಗದಾಂಬಳನ್ನು ಹೊರಗೆ ಕೂರಿಸಿ ನನಗೊಬ್ಬನಿಗೇ ಹೇಳಿದರು: ಹೃದಯ ದೊಡ್ಡದಾಗಿಬಿಟ್ಟಿದೆ, ಸೋತಿದೆ, ಒಂದು ವರ್ಷ ಅಂದುಕೊಳ್ಳಿ. ಅವಳಿಗೆ ರಕ್ತ ಕಮ್ಮಿ ಅಂತ ಹೇಳಿದ್ದೇನೆ. ನಮಗೆ ಮಕ್ಕಳಿಲ್ಲ, ಇನ್ನು ಯಾರಿಗೆ ಹೇಳಲಿ. ಈ ದಿನಚರಿಯನ್ನು ಹಳೆಯ ರೀಲಿನ ಡಬ್ಬಿಯಲ್ಲಿಡುತ್ತೇನೆ, ಅದನ್ನು ಅವಳು ತೆಗೆಯುವುದಿಲ್ಲ.

ಒಂದು ವರ್ಷ ಎಂದರೆ ಈ ಹುಡುಗಿಯ ಲೆಕ್ಕದಲ್ಲಿ ಆರು ನಿಮಿಷ. ಇಂಟರ್ವಲ್ಲಿಗಿಂತ ಕಡಿಮೆ.

೨೮ ಫೆಬ್ರವರಿ, ಭಾನುವಾರ

ಮೋನಿಕಾ ಒಂದು ಸಣ್ಣ ಪ್ರೊಜೆಕ್ಟರ್ ತಂದು, ಬಾಗಿಲು ಕಿಟಕಿ ಹಾಕಿಸಿ, ನಡುಮನೆಯ ಗೋಡೆಯ ಮೇಲೆ ತಾನು ಹಿಂದೆ ತೆಗೆದ ಒಂದು ಸಿನಿಮಾ ತೋರಿಸಿದಳು. ಮೂರು ನಿಮಿಷ. ಮಾತಿಲ್ಲ. ಒಂದು ಹಲಸಿನ ಎಲೆ ಬೀಳುತ್ತದೆ. ಕಂದಾಗುತ್ತದೆ, ತೂತಾಗುತ್ತದೆ, ಬರೀ ನರಗಳ ಜಾಲರಿ ಉಳಿಯುತ್ತದೆ. ಜಾಲರಿಯೊಳಗಿಂದ ಒಂದು ಅಣಬೆ ಏಳುತ್ತದೆ. ಅಣಬೆ ಕರಗುತ್ತದೆ. ಆ ಕಪ್ಪು ಮಣ್ಣಿನಲ್ಲಿ ಎರಡು ಎಲೆಯ ಹಸಿರು. ಅಷ್ಟೇ, ಮುಗಿಯಿತು.

"ಇದನ್ನ ನಮ್ಮ ಟಾಕೀಸಲ್ಲಿ ಹಾಕಿದ್ದಿದ್ರೆ ಗಾಂಧಿ ಕ್ಲಾಸಿನೋರು ಬೆಂಚು ಮುರೀತಿದ್ರು ಕಣಮ್ಮ" ಎಂದೆ.

ಜಗದಾಂಬ ಮಾತ್ರ ಗೋಡೆಯನ್ನೇ ನೋಡುತ್ತಿದ್ದಳು. "ಇನ್ನೊಂದ್ಸಲ ಹಾಕು ಮಗ" ಎಂದಳು. ಅದು ಮುಗಿದ ಮೇಲೆ ಇನ್ನೊಂದು ಸಲ. ಮೂರನೇ ಸಲ ಮುಗಿದಾಗ ಹೇಳಿದಳು: "ಸಾಯದು ಎಲ್ಲಿಗೆ ಮುಗೀತು, ಹುಟ್ಟದು ಎಲ್ಲಿಂದ ಶುರುವಾತು, ಗೊತ್ತೇ ಆಗಾಕಿಲ್ವಲ್ಲ! ಕಣ್ಣು ಮಿಟುಕಿಸ್ದೆ ನೋಡ್ತಾ ಇವ್ನಿ, ಆದ್ರೂ ತಪ್ಪಿಸ್ಕಂಡು ಹೋಗ್ಬುಡ್ತೈತೆ."

ನಾನು ಮೂವತ್ತು ವರ್ಷ ತೋರಿಸಿದ ಯಾವ ಸಿನಿಮಾವನ್ನೂ ಇವಳು ಎರಡನೇ ಸಲ ಕೇಳಿದವಳಲ್ಲ. ಹೆಂಗಸರ ಮನಸ್ಸು ಆ ಶಿವನಿಗೇ ಗೊತ್ತು.

೧೯ ಮಾರ್ಚ್, ಶುಕ್ರವಾರ

ಹೂಮಳೆ ಬಂತು! ಮೂರು ವಾರದಿಂದ ಎಲ್ಲರೂ ಆಕಾಶ ನೋಡಿ ಕತ್ತು ನೋಯಿಸಿಕೊಂಡಿದ್ದರು. ಮುಕ್ಕಾಲು ಗಂಟೆ ಹದವಾಗಿ ಸುರಿಯಿತು. ಜಗದಾಂಬ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಬೆರಳು ಮಡಚಿದಳು. "ಇನ್ನೆಂಟು ದಿನ ಕಣ್ರೀ. ಒಂಬತ್ನೇ ದಿನ ಹೂವು ನೋಡಿ." ಇಪ್ಪತ್ತನಾಲ್ಕು ಒತ್ತಿದೆ.

೨೭ ಮಾರ್ಚ್, ಶನಿವಾರ

ಒಂಬತ್ತನೇ ದಿನ. ಹುಟ್ಟಿದಂದಿನಿಂದ ಕಾಫಿ ಹೂವು ಕಂಡವನು ನಾನು. ಆದರೂ ಕಂಡಿರಲಿಲ್ಲ ಎಂದು ಈವತ್ತು ಗೊತ್ತಾಯಿತು.

ಟಾಕೀಸಿಗೆ ಹೋಗುವ ಅವಸರದಲ್ಲಿ ದಾರಿಯ ಎರಡೂ ಕಡೆ ಬೆಳ್ಳಗೆ ಕಂಡದ್ದನ್ನು ಹೂವು ಅಂದುಕೊಂಡಿದ್ದೆ. ಈವತ್ತು ಅರ್ಧ ಗಂಟೆಗೊಮ್ಮೆ ಒಂದೇ ಕೊಂಬೆಯನ್ನು ನೋಡಿದೆ. ಆರೂವರೆಗೆ ಮೊಗ್ಗುಗಳ ತುದಿ ಬಾಯಿ ಬಿಟ್ಟಿತ್ತು. ಏಳಕ್ಕೆ ಎಸಳು ಹಿಂದಕ್ಕೆ ಬಾಗಿತ್ತು. ಎಂಟಕ್ಕೆ ಕೊಂಬೆಯೇ ಕಾಣಲಿಲ್ಲ. ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ, ಎಲ್ಲೂ ಒಂದು ಸದ್ದಿಲ್ಲ. ಜೇನು ಬಂದ ಮೇಲಷ್ಟೇ ಸದ್ದು. ನನಗೆ ಮೈ ಜುಮ್ಮೆಂದಿತು.

ಜಗದಾಂಬಳನ್ನು ಕರೆದು ತೋರಿಸಿದೆ. ಹತ್ತು ಹೆಜ್ಜೆ ಬರಲು ಎರಡು ಸಲ ನಿಂತಳು, ಏದುಸಿರು. ಬಂದವಳೇ, "ಈಗ ಕಂಡ್ರಾ?" ಎಂದು ನಕ್ಕಳು.

೧೧ ಮೇ, ಮಂಗಳವಾರ

ಹೂವೆಲ್ಲ ಉದುರಿ ಆಯಿತು. ಈಗ ಸಾಸಿವೆಯಷ್ಟು ಹಸಿರು ಗಂಟುಗಳು. ಏನೂ ಆಗುತ್ತಿಲ್ಲ. ಇಪ್ಪತ್ತನಾಲ್ಕು.

೧೬ ಜೂನ್, ಬುಧವಾರ

ಮಳೆ. ಗಾಜು ಮಂಜಾಗದಂತೆ ಪೆಟ್ಟಿಗೆಯೊಳಗೆ ಸುಣ್ಣದ ಹರಳಿನ ಪೊಟ್ಟಣ ಇಟ್ಟಿದ್ದೇನೆ. ಕೊಡೆ ಹಿಡಿದು ಹೋಗುವುದು, ಗಾಜು ಒರೆಸುವುದು, ಒತ್ತುವುದು, ಬರುವುದು. ಗಡಿಯಾರ ನೋಡುವುದನ್ನು ಬಿಟ್ಟು ಎಷ್ಟು ದಿನವಾಯಿತೋ, ಅರ್ಧ ಗಂಟೆಯಾದೊಡನೆ ಕಾಲು ತಾವೇ ಏಳುತ್ತವೆ.

ನಡುವಿನ ಅರ್ಧ ಗಂಟೆಗೆ ಬೇರೆ ಕೆಲಸ ಹಿಡಿಯುವ ಹಾಗಿಲ್ಲ. ಅದಕ್ಕೆ ಹಿಂಬಾಗಿಲಲ್ಲಿ ಜಗದಾಂಬಳ ಪಕ್ಕ ಕೂರುತ್ತೇನೆ. ಮದುವೆಯಾಗಿ ಮೂವತ್ತೊಂದು ವರ್ಷ. ಮ್ಯಾಟ್ನಿ, ಫಸ್ಟ್ ಶೋ, ಸೆಕೆಂಡ್ ಶೋ. ಹಗಲು ಹೊತ್ತಿನಲ್ಲಿ ಇವಳ ಜೊತೆ ಹೀಗೆ ಕೂತದ್ದೇ ಇಲ್ಲ. ಮಾತಾಡುವಾಗ ಅವಳ ಎಡ ಹುಬ್ಬು ಮೇಲೇಳುತ್ತದೆ. ಇದು ಹೊಸತೋ, ಮೊದಲಿಂದ ಇತ್ತೋ ಕೇಳಿದೆ. "ನಿಮ್ಮ ಕಣ್ಣಿಗೆ ಈಗ ಬಿತ್ತು ಅನ್ನಿ" ಎಂದಳು.

೨೧ ಜುಲೈ, ಬುಧವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಅವಳ ಮಾತ್ರೆ ಮುಗಿದಿತ್ತು, ಸಕಲೇಶಪುರಕ್ಕೆ ಹೋಗಲೇಬೇಕಿತ್ತು. ನಾನು ಬರುವ ತನಕ ಗುಂಡಿ ಒತ್ತು ಎಂದು ಅವಳಿಗೆ ಹೇಳಿ, ಕಂಬದ ಪಕ್ಕ ಸ್ಟೂಲು ಹಾಕಿ, ಮೇಲೆ ಟಾರ್ಪಾಲು ಕಟ್ಟಿ ಹೋದೆ. ಎರಡೂವರೆಗೆ ಬಂದರೆ ಏನು ಹೇಳುತ್ತಾಳೆ? ಬಹಳ ಖುಷಿಯಿಂದ ಹೇಳುತ್ತಾಳೆ:

"ರೀ, ಆ ಕೊಂಬೆ ಬುಡದಾಗೆ ಒಂದು ಕಳ್ಳ ಚಿಗುರು ಎದ್ದಿತ್ತು ಕಣ್ರೀ, ಗೇಣುದ್ದ! ಕಾಯಿಗೆ ಹೋಗೋ ಸತ್ವನೆಲ್ಲ ಅದೇ ಕುಡೀತಿತ್ತು. ಒಂದ್ ಕೈಲಿ ಗುಂಡಿ ಒತ್ತಿ ಇನ್ನೊಂದ್ ಕೈಲಿ ಮುರಿದುಬುಟ್ಟೆ."

ಕಾಫಿ ನಾಡಿನ ಯಾವ ಹೆಂಗಸೂ ಕಳ್ಳ ಚಿಗುರನ್ನು ಕಂಡು ಸುಮ್ಮನೆ ಹೋಗುವುದಿಲ್ಲ. ಮದುವೆಗೆ ಹೋಗುವಾಗಲೂ ರೇಷ್ಮೆ ಸೀರೆಯಲ್ಲೇ ಅವರಿವರ ತೋಟದ ಚಿಗುರು ಮುರಿದುಕೊಂಡು ಹೋಗುವವಳು ಇವಳು. ಗೊತ್ತಿತ್ತು ನನಗೆ. ಹೇಳಿ ಹೋಗಬೇಕಿತ್ತು. ಆದರೆ ಯಾರೂ ಮುಟ್ಟಬಾರದು ಅಂದಿದ್ದಾಳಲ್ಲ ಹುಡುಗಿ! ಚಿಗುರು ತೆರೆಯ ಮೇಲೆ ಫಕ್ಕನೆ ಮಾಯವಾಗುತ್ತದೆ. ಐದು ತಿಂಗಳು ನೀರಿನಲ್ಲಿ ಹೋಮ.

"ಎಲ್ಲಾ ಹಾಳು ಮಾಡ್ಬುಟ್ಟೆ! ನಿನ್ನ ಕೈಯೇ ಹಂಗೆ. ಇನ್ನು ಯಾವುದಕ್ಕೂ ನಿನ್ನ ಕೈ ಇಡಬ್ಯಾಡ" ಎಂದು ಕೂಗಾಡಿದೆ. ಬೇಲಿಯಾಚೆ ದ್ಯಾವಯ್ಯನಿಗೂ ಕೇಳಿಸಿರಬೇಕು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಒಳಗೆ ಹೋದಳು.

೨೬ ಜುಲೈ, ಸೋಮವಾರ

ಐದು ದಿನವಾಯಿತು. ಊಟಕ್ಕೆ ಬಡಿಸುತ್ತಾಳೆ, ಮಾತಿಲ್ಲ. ಹಿಂಬಾಗಿಲಿಗೆ ಬರುವುದಿಲ್ಲ. ಅರ್ಧ ಗಂಟೆ ಎಂದರೆ ಇಷ್ಟು ಉದ್ದವೇ?

೨೮ ಜುಲೈ, ಬುಧವಾರ

ಈವತ್ತು ಹತ್ತು ಗಂಟೆಗೆ ತಾನೇ ಬಂದು ಕೂತಳು. "ಕಾಯಿ ದಪ್ಪ ಆಗವೆ ನೋಡಿ" ಎಂದಳು. ನೋಡಿದೆ. ಹೌದು, ಒಂದು ವಾರದಲ್ಲೇ ಆಗಿವೆ. ಅವಳ ಕೈ ಸೆರಗಿನೊಳಗೇ ಇತ್ತು. ತಪ್ಪಾಯಿತು ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದದ್ದು ಹಿಂದಕ್ಕೆ ಹೋಯಿತು. ನಾಳೆ ಹೇಳುತ್ತೇನೆ.

೮ ಆಗಸ್ಟ್, ಭಾನುವಾರ

ಮೋನಿಕಾ ಬಂದು ಹೊಸ ಫಿಲ್ಮ್ ಸುರುಳಿ ಹಾಕಿ ಹಳೆಯದನ್ನು ಡಬ್ಬಿಗೆ ತುಂಬಿಕೊಂಡಳು. ಎರಡೂ ಮುಗಿದ ಮೇಲೆ ಒಟ್ಟಿಗೆ ಮದ್ರಾಸಿನ ಲ್ಯಾಬಿಗಂತೆ. ಚಿಗುರಿನ ವಿಷಯ ನಾನು ಬಾಯಿ ಬಿಡಲಿಲ್ಲ. ಜಗದಾಂಬ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಇನ್ನೂ ಹೇಳಿಲ್ಲ, ತಪ್ಪಾಯಿತು ಅಂತ. ಇಂಥದ್ದನ್ನು ಎದ್ದು ನಿಂತು ಹೇಳುವುದು ಹೇಗೋ ನನಗೆ ಗೊತ್ತಿಲ್ಲ.

೧೯ ಸೆಪ್ಟೆಂಬರ್, ಭಾನುವಾರ

ಮಳೆ ಬಿಟ್ಟಿದೆ. ಎಲೆಗಳ ಮೇಲೆ ಬಿಸಿಲು ಬೀಳುವ ಜಾಗ ದಿನಾ ಬೆರಳಗಲ ಸರಿಯುತ್ತದೆ. ಭೂಮಿ ತಿರುಗುವುದು ನಮ್ಮ ಹಿತ್ತಲಿನಲ್ಲೇ ಕಾಣುತ್ತದೆ! ಇದನ್ನು ಜಗದಾಂಬಳಿಗೆ ತೋರಿಸಲು ಕಂಬದ ಮೇಲೆ ಗೀಟು ಎಳೆದಿದ್ದೇನೆ. ಅವಳ ಕಾಲು ಊದಿಕೊಂಡಿದೆ, ಎತ್ತಿಕೊಂಡೇ ಹೋಗಿ ತೋರಿಸಿದೆ. "ಮದ್ವೇಲೂ ಎತ್ಕಂಡಿರ್ಲಿಲ್ವಲ್ರೀ" ಎಂದು ಮುಖ ಮುಚ್ಚಿಕೊಂಡಳು. ಹಗುರವಾಗಿಬಿಟ್ಟಿದ್ದಾಳೆ.

ದ್ಯಾವಯ್ಯ ಬಂದಿದ್ದ. ಅವನಿಗೂ ಅವಳಿಗೂ ಏನೋ ಗುಸುಗುಸು. ನಾನು ಹೋದೊಡನೆ ಇಬ್ಬರೂ ಸುಮ್ಮನಾದರು.

೧೩ ಅಕ್ಟೋಬರ್, ಬುಧವಾರ

ನಿನ್ನೆ ಬೆಳಗ್ಗೆ ಹತ್ತೂವರೆಗೆ ಒತ್ತಿ ತಿರುಗಿದಾಗ ಹಿಂಬಾಗಿಲಲ್ಲಿ ಹುರುಳಿಕಾಯಿ ಸೋಸುತ್ತಿದ್ದಳು. ನೀರು ಕುಡಿಯಲು ಒಳಗೆ ಹೋದೆ. ಹನ್ನೊಂದಕ್ಕೆ ಬಂದಾಗ ಇರಲಿಲ್ಲ. ಕೂತೇ ಇದ್ದಳು. ಇರಲಿಲ್ಲ.

ಎರಡು ಫ್ರೇಮಿನ ನಡುವೆ ಹೋದಳು.

ಈವತ್ತು ಮಧ್ಯಾಹ್ನ ನಮ್ಮ ಪದ್ಧತಿಯಂತೆ ಕೂರಿಸಿ, ವಿಭೂತಿ ತುಂಬಿ, ಹಿತ್ತಲಿನ ಮೇಲ್ಗಡೆಯ ಹಲಸಿನ ಮರದ ಕೆಳಗೆ ಮಣ್ಣು ಕೊಟ್ಟೆವು.

೧೪ ಅಕ್ಟೋಬರ್, ಗುರುವಾರ

ಬೆಳಗ್ಗೆ ಕಾಲು ತಾವೇ ಎದ್ದು ಕಂಬದ ಹತ್ತಿರ ಹೋದವು. ಒಂದೂವರೆ ದಿನದ ಫ್ರೇಮು ಹೋಯಿತು, ಇನ್ನು ಒತ್ತಿ ಏನು ಬಂತು ಎಂದುಕೊಂಡು ನೋಡಿದರೆ ಪೆಟ್ಟಿಗೆಯ ಪಕ್ಕದಲ್ಲಿ ಇದ್ದಲಿನಲ್ಲಿ ಎಳೆದ ಗೀಟುಗಳು. ಎಣಿಸಿದೆ. ಮೂವತ್ತೊಂಬತ್ತು. ಮಂಗಳವಾರ ಹನ್ನೊಂದರಿಂದ ಹದಿನೈದು, ಬುಧವಾರ ಇಪ್ಪತ್ತನಾಲ್ಕು. ಒಂದೂ ತಪ್ಪಿಲ್ಲ.

ದ್ಯಾವಯ್ಯ ಬೇಲಿಯ ಹತ್ತಿರ ನಿಂತಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ನೀನಾ?" ಎಂದೆ.

"ಅಮ್ಮೋರು ಹೇಳಿದ್ರು ಸೋಮಿ. ಹೋದ ತಿಂಗಳೇ ಕರೆದು ಹೇಳಿದ್ರು. 'ನಾನು ಹೋದ ದಿನ ಇವರು ಮರ್ತುಬುಡ್ತಾರೆ ಕಣೋ ದ್ಯಾವ, ನೀನು ಒತ್ತು. ಆಮ್ಯಾಕೆ ಪೇಚಾಡ್ಕತಾರೆ' ಅಂದ್ರು. ರೇಡಿಯೋ ಟೈಮು ನೋಡ್ಕಂಡು ಒತ್ತಿವ್ನಿ. ಕೊಂಬೆ ಮುಟ್ಟಿಲ್ಲ ಸೋಮಿ, ಆಣೆಗೂ."

'ನಾನು ಹೋದ ದಿನ' ಎಂದಳಂತೆ. ಗೊತ್ತಿತ್ತು ಅವಳಿಗೆ. ರಕ್ತ ಕಮ್ಮಿ ಎನ್ನುವ ನನ್ನ ನಾಟಕವನ್ನು ಎಂಟು ತಿಂಗಳು ಕೂತು ನೋಡಿದ್ದಾಳೆ, ಎದ್ದು ಹೋಗದೆ. ದ್ಯಾವಯ್ಯನ ಮುಂದೆಯೇ ಅತ್ತುಬಿಟ್ಟೆ. ಅವನು ಆಕಾಶ ನೋಡಿಕೊಂಡು ನಿಂತಿದ್ದು, ನಾನು ಮುಗಿಸಿದ ಮೇಲೆ ಹೇಳಿದ: "ಆರೂವರೆ ಆತು ಸೋಮಿ." ಹೋಗಿ ಒತ್ತಿದೆ.

೧೦ ಡಿಸೆಂಬರ್, ಶುಕ್ರವಾರ

ಕೊನೆಯ ಫ್ರೇಮು ಸಂಜೆ ಆರಕ್ಕೆ. ಹಣ್ಣುಗಳು ಕೆಂಪಾಗಿ, ಎರಡು ತಾವೇ ಉದುರಿವೆ. ಮೋನಿಕಾ ಏಳು ಹಣ್ಣು ಕಿತ್ತು ಬೀಜಕ್ಕೆಂದು ಒಯ್ದಳು, ಕ್ಯಾಮೆರಾವನ್ನೂ ಒಯ್ದಳು. ಕಂಬ ಬೋಳಾಗಿ ನಿಂತಿದೆ. ಹೋಗುವ ಮುಂಚೆ ಹಲಸಿನ ಮರದ ಕೆಳಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದಳು, ಒಳ್ಳೆಯ ಹುಡುಗಿ. ಜುಲೈ ಇಪ್ಪತ್ತೊಂದರ ಮಾತನ್ನು ಅವಳಿಗೆ ಈಗಲೂ ಹೇಳಲಿಲ್ಲ. ಲ್ಯಾಬಿನಿಂದ ಬಂದ ಮೇಲೆ ಅವಳೇ ನೋಡುತ್ತಾಳೆ. ಬೈದರೆ ನನಗೇ ಬೈಯಲಿ.

೧೯ ಮಾರ್ಚ್ ೨೦೦೦, ಭಾನುವಾರ

ಎಲ್ಲಿಂದ ಬರೆಯಲಿ. ಬೆಳಗ್ಗೆಯಿಂದ ಬರೆಯುತ್ತೇನೆ.

ಒಂಬತ್ತು ಗಂಟೆಗೆ ಟಾಕೀಸಿಗೆ, ಅಂದರೆ ಮಹಾದೇವಯ್ಯನ ಗೋಡೌನಿಗೆ ಹೋದೆ. ಬಾಲ್ಕನಿಯವರೆಗೂ ಕಾಫಿ ಮೂಟೆ. ಆದರೆ ತೆರೆಯ ಗೋಡೆಗೆ ಮೋನಿಕಾ ಸುಣ್ಣ ಹೊಡೆಸಿದ್ದಳು. ನನ್ನ ಪ್ರೊಜೆಕ್ಟರ್ ಕೋಣೆಯಲ್ಲಿ ಅವಳ ಸಣ್ಣ ಯಂತ್ರ, ಪಕ್ಕದಲ್ಲಿ ಫಿಲ್ಮ್.

"ಒಟ್ಟು ಆರು ನಿಮಿಷ ಅಂಕಲ್. ಕೊಂಬೆಯದ್ದು, ಆಮೇಲೆ ಆ ಬೀಜ ಮೊಳೆತದ್ದು. ಇದಕ್ಕೆ ಶುರು, ಕೊನೆ ಎರಡೂ ಬೇಡ. ಫಿಲ್ಮಿನ ತಲೆಗೆ ಬಾಲ ಸೇರಿಸಿ ಅಂಟಿಸಿಕೊಡಿ. ಸುತ್ತುತ್ತಲೇ ಇರಬೇಕು. ಇನ್ನೊಂದು ಪ್ರತಿ ಇಲ್ಲ, ಹುಷಾರು."

ಆರು ನಿಮಿಷ! ಡಾಕ್ಟರು ಹೇಳಿದ ಒಂದು ವರ್ಷದ ಲೆಕ್ಕ. "ಏನಾದ್ರೂ ತಪ್ಪು ಕಂಡಿತಾ?" ಎಂದು ಹೆದರುತ್ತ ಕೇಳಿದೆ. "ನೀವೇ ನೋಡಿ" ಎಂದಳು. ಮೂಟೆ ಹೊಲಿಯುವ ದಾರದ ಮರದ ಉರುಳೆಗಳನ್ನು ತೊಲೆಗೂ ಗೋಡೆಗೂ ಮೊಳೆ ಹೊಡೆದು ಕೂರಿಸಿದೆ. ಫಿಲ್ಮನ್ನು ಅವುಗಳ ಮೇಲೆ ಮೇಲಕ್ಕೂ ಕೆಳಕ್ಕೂ ಹಾಯಿಸಿ, ಕೋಣೆಯನ್ನೆಲ್ಲ ಸುತ್ತಿಸಿ ತಂದು, ಕೊನೆಯನ್ನು ಮೊದಲಿಗೆ ಅಂಟಿಸಿದೆ. ಇಂಥ ಅಂಟು ನಾನು ಯಾವತ್ತೂ ಹಾಕಿರಲಿಲ್ಲ.

ಹನ್ನೊಂದಕ್ಕೆ ಬಾಗಿಲು ಹಾಕಿದರು. ಮೂಟೆಗಳ ಮೇಲೆ ಮಹಾದೇವಯ್ಯ, ದ್ಯಾವಯ್ಯ, ಗೋಡೌನಿನಲ್ಲಿ ಕಾಫಿ ಆರಿಸುವ ಇಪ್ಪತ್ತು ಮೂವತ್ತು ಹೆಂಗಸರು. ದೀಪ ಹತ್ತಿಸಿ ಓಡಿಸಿದೆ.

ಹೂವಿಲ್ಲದ ಕೊಂಬೆ ಉಸಿರಾಡಿತು! ಹೌದು, ಎಲೆಗಳು ಬೆಳಗ್ಗೆ ಏಳುತ್ತವೆ, ಸಂಜೆ ಬೀಳುತ್ತವೆ, ಸೆಕೆಂಡಿಗೊಂದು ಉಸಿರು. ನಾನು ಅಷ್ಟು ದಿನ ಪಕ್ಕದಲ್ಲೇ ನಿಂತಿದ್ದೆ, ಅದು ಉಸಿರಾಡುವುದು ನನಗೆ ಕಂಡಿರಲಿಲ್ಲ. ಮೊಗ್ಗು ಉಬ್ಬಿ ಹೂವು ಒಂದೇ ಏಟಿಗೆ ಒಡೆದಾಗ ಕೆಳಗೆ ಹೆಂಗಸರೆಲ್ಲ "ಅಯ್ಯಯ್ಯಪ್ಪ!" ಎಂದರು. ಹೂವು ಕಂದಿ ಉದುರಿತು. ಮಳೆಯಲ್ಲಿ ಕೊಂಬೆ ಅಲುಗಿತು. ಬುಡದಲ್ಲಿ ಆ ಕಳ್ಳ ಚಿಗುರು ಸರಸರ ಏರಿತು. ಏನೋ ಒಂದು ಬೆಳ್ಳಗೆ ಮಿಂಚಿ ಹೋಯಿತು, ಚಿಗುರು ಇರಲಿಲ್ಲ. ಕಾಯಿಗಳು ಉಬ್ಬತೊಡಗಿದವು. ಕೆಂಪಾದವು, ಬಿದ್ದವು, ಮಣ್ಣು, ಮಣ್ಣನ್ನು ತಲೆಯಿಂದ ನೂಕಿಕೊಂಡು ಬೀಜವನ್ನು ಟೋಪಿಯಂತೆ ಹೊತ್ತ ಒಂದು ಸಸಿ. ಟೋಪಿ ಕಳಚಿ ಎರಡು ಎಲೆ. ಎಲೆ ಬಿಚ್ಚಿದ ಕಡೆಯೇ ಹೂವಿಲ್ಲದ ಕೊಂಬೆ ಮತ್ತೆ ಉಸಿರಾಡಿತು. ನಾನು ಹಾಕಿದ ಅಂಟು ಎಲ್ಲಿ ದಾಟಿತೋ ನನಗೇ ಗೊತ್ತಾಗಲಿಲ್ಲ.

ಎರಡನೇ ಸುತ್ತು. ಈ ಸಲ ಕಣ್ಣು ಮಿಟುಕಿಸಲಿಲ್ಲ. ಜುಲೈ ಬಂತು, ಚಿಗುರು ಏರಿತು, ಮಿಂಚಿತು. ಕೈ. ಹಸಿರು ಗಾಜಿನ ಬಳೆ, ಹೆಬ್ಬೆರಳು, ತೋರುಬೆರಳು. ತೆರೆಯಷ್ಟು ದೊಡ್ಡ ಕೈ. ಒಂದೇ ಫ್ರೇಮು.

ನನ್ನ ಕೈ ತಾನೇ ಸ್ವಿಚ್ಚಿಗೆ ಹೋಯಿತು. ನಿಲ್ಲಿಸಬೇಕು. ಮುಂದಿನ ಸುತ್ತಿನಲ್ಲಿ ಆ ಫ್ರೇಮಿಗೆ ಸರಿಯಾಗಿ ನಿಲ್ಲಿಸಬೇಕು, ಕಣ್ಣು ತುಂಬ ನೋಡಬೇಕು, ತಪ್ಪಾಯಿತು ಕಣೇ ಎನ್ನಬೇಕು. ಕೈಯಿಟ್ಟುಕೊಂಡು ಕಾದೆ. ಮೂವತ್ತು ವರ್ಷದಿಂದ ನನಗೆ ಗೊತ್ತಿರುವುದು ಒಂದೇ ವಿದ್ಯೆ: ಫ್ರೇಮು ದೀಪದ ಮುಂದೆ ನಿಂತರೆ ಮೊದಲು ಕಂದಾಗುತ್ತದೆ, ಗುಳ್ಳೆ ಏಳುತ್ತದೆ, ನೋಡನೋಡುತ್ತ ಸುಟ್ಟುಹೋಗುತ್ತದೆ. ಓಡುತ್ತಿದ್ದರೆ ಮಾತ್ರ ಇರುತ್ತದೆ. ಇನ್ನೊಂದು ಪ್ರತಿ ಇಲ್ಲ.

ಹೂವು ಒಡೆಯಿತು. ಮಳೆ ಬಂತು. ಚಿಗುರು ಏರಿತು. ಸ್ವಿಚ್ಚಿನಿಂದ ಕೈ ತೆಗೆದೆ.

ಆಗ ಕತ್ತಲೆಯಲ್ಲಿ ದ್ಯಾವಯ್ಯ ಕೂಗಿದ: "ಅಲ್ಲಲ್ಲೇ! ಜಗದಮ್ಮೋರ ಕೈ ಅಲ್ವಾ ಅದು? ಚಿಗುರು ತೆಗೆದ್ರು ನೋಡ್ರಪ್ಪೋ!"

ಅಷ್ಟೇ ಸಾಕಾಯಿತು. ನಾಲ್ಕನೇ ಸುತ್ತಿನಲ್ಲಿ ಎಲ್ಲರೂ ಕಾದು ಕೂತರು. ಚಿಗುರು ಏಳುತ್ತಿದ್ದ ಹಾಗೆ ಒಬ್ಬಳು, "ಕಳ್ಳ ಬಂದ, ಕಳ್ಳ ಬಂದ!" ಎಂದಳು. ಕೈ ಮಿಂಚಿದೊಡನೆ "ಹಾಂ! ಮುರುದ್ಲು!" ಎಂದು ಇಡೀ ಟಾಕೀಸು ಒಂದೇ ದನಿಯಲ್ಲಿ ಕೂಗಿತು. ಐದನೇ ಸುತ್ತಿಗೆ ಶಿಳ್ಳೆ. ಯಾವ ಹೀರೋ ಬಂದಾಗಲೂ ಈ ಟಾಕೀಸಿನಲ್ಲಿ ಅಂಥ ಶಿಳ್ಳೆ ನಾನು ಕೇಳಿಲ್ಲ. ಕಾಯಿ ಉಬ್ಬುವಾಗ ಹೆಂಗಸರು ಚಪ್ಪಾಳೆ ಹೊಡೆದರು, ಅವರಿಗೆ ಗೊತ್ತಲ್ಲ ಅದು ಯಾಕೆ ಉಬ್ಬಿತು ಅಂತ.

ಮೋನಿಕಾ ನನ್ನ ಪಕ್ಕ ಬಂದು ನಿಂತಿದ್ದಳು. "ಕತ್ತರಿಸಬೇಕು ಅಂತ ಮೊದಲು ಕತ್ತರಿ ಹಿಡಿದೆ ಅಂಕಲ್. ಆಮೇಲೆ ಗೊತ್ತಾಯ್ತು, ಅದು ಇಲ್ಲದಿದ್ರೆ ನನ್ನ ಸಿನಿಮಾದಲ್ಲಿ ಯಾರೂ ಇಲ್ಲ."

"ನಾನು ಬೈದಿದ್ದೆ ಅವಳಿಗೆ" ಎಂದೆ. ಅಷ್ಟೇ ಹೇಳಲು ಆದದ್ದು. ಆ ಹುಡುಗಿ ನನ್ನ ಭುಜ ಹಿಡಿದುಕೊಂಡು ನಿಂತಳು. ಸುತ್ತಲೂ ಉರುಳೆಗಳ ಮೇಲೆ ಫಿಲ್ಮ್ ಓಡುತ್ತಿತ್ತು, ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಹತ್ತಿರ. ಅದರಲ್ಲಿ ಎಲ್ಲೋ ಒಂದು ಕಡೆ ಅವಳ ಕೈಯೂ ಕೋಣೆಯನ್ನು ಸುತ್ತಿಕೊಂಡು ಬರುತ್ತಿತ್ತು. ಹದಿನೇಳು ಸುತ್ತು ಓಡಿಸಿದೆ. ಯಾರೂ ಎದ್ದು ಹೋಗಲಿಲ್ಲ.

೨೦ ಮಾರ್ಚ್, ಸೋಮವಾರ

ಬೆಳಗ್ಗೆ ಆರೂವರೆಗೆ ಕಾಲು ತಾವೇ ಹಿತ್ತಲಿಗೆ ಹೋದವು. ಒಂದು ವರ್ಷದಿಂದ ನಾನು ಆ ಗಿಡವನ್ನು ಮುಟ್ಟಿಯೇ ಇಲ್ಲ. ಬುಡದಲ್ಲಿ, ಹೋದ ಸಲದ ಜಾಗದಲ್ಲೇ, ಮತ್ತೊಂದು ಕಳ್ಳ ಚಿಗುರು ಎದ್ದಿತ್ತು. ಅವಳು ಹಿಡಿದ ಹಾಗೆ ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಮುರಿದೆ. ಅದನ್ನು ಒಯ್ದು ಹಲಸಿನ ಮರದ ಕೆಳಗಿಟ್ಟು, ಜುಲೈನಲ್ಲಿ ಹೇಳಬೇಕಾಗಿದ್ದ ಮಾತನ್ನು ಹೇಳಿದೆ. ಮೇಲಿನಿಂದ ಒಂದು ಎಲೆ ಬಿತ್ತು. ಅಲ್ಲೇ ಕೂತು ಅದನ್ನು ನೋಡಿದೆ. ಏಳು ಗಂಟೆಯಾಗಿರಬೇಕು, ದ್ಯಾವಯ್ಯ ಬೇಲಿಯಿಂದ ಕೂಗಿ ಕೇಳಿದ, ಕಾಫಿ ಆತಾ ಸೋಮಿ ಅಂತ. ಇನ್ನೂ ಇಲ್ಲ, ಬಾರೋ, ಇಬ್ಬರಿಗೂ ಕಾಸ್ತೀನಿ ಎಂದೆ.